ಕರೆಂಟು ಕೊಡುವುದಕ್ಕೆ ಮೊದಲು

ಇದು ಗಂಡಸರಿಗೆ ಬರುವ ಒಂದು ಕಾಯಿಲೆಯ ಪಾಠ. ಓದುವವರು ನಾವು ಹೆಂಗಸರು. ಗಂಡಸರ ಕಾಯಿಲೆ ನಮಗೆ ಯಾಕೆ ಎನ್ನಬೇಡಿ. ಮನೆಯ ಯಜಮಾನ ಮಲಗಿದರೆ ಗಂಜಿ ಕಾಯಿಸುವವರು ಯಾರು? ಆಸ್ಪತ್ರೆಯ ಚೀಟಿಗಳನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುವವರು ಯಾರು? ನಾವೇ ಅಲ್ಲವೇ?

ಕಾಯಿಲೆಯ ಹೆಸರು ಪ್ರಾಸ್ಟೇಟ್ ಕ್ಯಾನ್ಸರ್. ಮೊದಲ ಪದದಲ್ಲಿ ಎರಡು ಒತ್ತಕ್ಷರ ಇವೆ. ನಿಧಾನವಾಗಿ ಓದಿ. ಪ್ರಾ-ಸ್ಟೇಟ್.

ಪ್ರಾಸ್ಟೇಟ್ ಎನ್ನುವುದು ಗಂಡಸರಿಗೆ ಮಾತ್ರ ಇರುವ ಒಂದು ಗ್ರಂಥಿ. ಮೂತ್ರಚೀಲದ ಕೆಳಗೆ ಇರುತ್ತದೆ. ನೆಲ್ಲಿಕಾಯಿಗಿಂತ ದಪ್ಪ, ನಿಂಬೆಹಣ್ಣಿಗಿಂತ ಸಣ್ಣದು. ಮೂತ್ರ ಹೊರಗೆ ಬರುವ ನಾಳ ಇದರ ನಡುವೆಯೇ ಹಾದು ಬರುತ್ತದೆ. ಆದ್ದರಿಂದ ಈ ಗ್ರಂಥಿ ಊದಿಕೊಂಡರೆ ನಾಳ ಅಮುಕಿದಂತೆ ಆಗುತ್ತದೆ. ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳಬೇಕಾಗುತ್ತದೆ. ಹೋದರೂ ತಿಣುಕಬೇಕು. ಧಾರೆ ಸಣ್ಣಗಾಗುತ್ತದೆ. ಕೆಲವರಿಗೆ ರಕ್ತ ಬರುತ್ತದೆ.

ಇಲ್ಲಿ ಒಂದು ಮಾತು. ವಯಸ್ಸಾದ ಬಹಳ ಗಂಡಸರಿಗೆ ಈ ಗ್ರಂಥಿ ಸುಮ್ಮನೆ ಊದುತ್ತದೆ. ಅದು ಕ್ಯಾನ್ಸರ್ ಅಲ್ಲ. ರಾತ್ರಿ ಎದ್ದು ಹೋಗುವವರಿಗೆಲ್ಲ ಕ್ಯಾನ್ಸರ್ ಎಂದು ಹೆದರಬಾರದು. ಯಾವುದು ಎಂದು ಪರೀಕ್ಷೆ ಮಾಡಿಯೇ ತಿಳಿಯಬೇಕು.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬರ ಮನೆಯಲ್ಲಿ ಈ ಕಾಯಿಲೆ ಬಂತು. “ಹೆಸರು ಹಾಕಬ್ಯಾಡಿ ಟೀಚರಮ್ಮ, ನಮ್ಮನೆಯವ್ರು ನಾಚ್ಕೊಂತಾರೆ” ಎಂದರು. ಹಾಗಾಗಿ ಅವರನ್ನು ಅಕ್ಕ ಎಂದೇ ಕರೆಯೋಣ. ಅವರ ಗಂಡನನ್ನು ಯಜಮಾನರು ಎನ್ನೋಣ. ಯಜಮಾನರಿಗೆ 66 ವರ್ಷ. ಎರಡು ಎಕರೆ ಹೊಲ, ನಾಲ್ಕು ಮೇಕೆ, ಒಂದು ಹಸು. ಮೇ ತಿಂಗಳಲ್ಲಿ ಒಂದು ದಿನ ಮೂತ್ರದಲ್ಲಿ ರಕ್ತ ಕಂಡಿತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಅಕ್ಕನ ಕಣ್ಣಿಗೆ ಬಿತ್ತು. ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಆ ಪರೀಕ್ಷೆಗೆ ಪಿ.ಎಸ್.ಎ. ಎನ್ನುತ್ತಾರೆ. ಸಾಮಾನ್ಯವಾಗಿ ಆ ಅಂಕಿ 4ರ ಒಳಗೆ ಇರಬೇಕು ಎಂದು ಲೆಕ್ಕ. ಯಜಮಾನರದು 42 ಇತ್ತು. ಅಂಕಿ ಜಾಸ್ತಿ ಬಂದ ಮಾತ್ರಕ್ಕೆ ಕ್ಯಾನ್ಸರ್ ಎನ್ನಲು ಬರುವುದಿಲ್ಲ. ಸೋಂಕು ಇದ್ದರೂ ಜಾಸ್ತಿ ಆಗುತ್ತದೆ. ಅದಕ್ಕೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸೂಜಿಯಿಂದ ಗ್ರಂಥಿಯ ಹತ್ತು ಹನ್ನೆರಡು ಸಣ್ಣ ಚೂರು ತೆಗೆದರು. ಇದಕ್ಕೆ ಬಯಾಪ್ಸಿ ಎಂದು ಹೆಸರು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು ಈ ಚೂರುಗಳೇ. ಹೌದು ಎಂದು ಬಂತು. ಆಮೇಲೆ ಸ್ಕ್ಯಾನ್ ಮಾಡಿ ನೋಡಿದರು. ಮೂಳೆಗೆ ಹರಡಿರಲಿಲ್ಲ.

“ಕರೆಂಟು ಕೊಡಬೇಕು” ಎಂದರು ಅಲ್ಲಿಯವರು. ಜೂನ್ 12ರಂದು ಹೊಟ್ಟೆಯ ಚರ್ಮಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. “ಕರೆಂಟಿಗೆ ಸೆಪ್ಟೆಂಬರಿನಲ್ಲಿ ಬನ್ನಿ” ಎಂದು ಚೀಟಿ ಬರೆದರು.

ಅಕ್ಕ ಮಾರನೆಯ ದಿನ ಕೇಂದ್ರಕ್ಕೆ ಬಂದಾಗ ಸ್ಲೇಟು ಕೈಗೆ ತೆಗೆದುಕೊಳ್ಳಲಿಲ್ಲ. ಗೋಡೆಗೆ ಒರಗಿ ಕೂತರು.

“ಕ್ಯಾನ್ಸರು ಅಂತ ಅವರೇ ಹೇಳವ್ರೆ. ಮೂರು ತಿಂಗಳು ಬಿಟ್ಟು ಬನ್ನಿ ಅಂತಾನೂ ಅವರೇ ಹೇಳವ್ರೆ. ಅಷ್ಟೊತ್ತಿಗೆ ಗೆಡ್ಡೆ ಸುಮ್ನೆ ಕೂತಿರ್ತದಾ ಟೀಚರಮ್ಮ?”

ಇದೇ ಮಾತು ಊರಿನಲ್ಲಿಯೂ ನಡೆಯಿತು. ಬಡವರೆಂದು ತಳ್ಳಿಬಿಟ್ಟರು ಎಂದರು ಕೆಲವರು. ಉಳಿಯುವುದಿಲ್ಲ ಎಂದು ಗೊತ್ತಾಗಿಯೇ ಸಾಗಹಾಕಿದ್ದಾರೆ ಎಂದರು ಇನ್ನು ಕೆಲವರು. ಅಕ್ಕನ ಮೈದುನ ಒಂದು ಸಂಜೆ ಬಂದು, “ಅತ್ತಿಗೆ, ಒಬ್ಬರು ಬೇರಿನ ಔಷಧಿ ಕೊಡ್ತಾರೆ. ಮೂವತ್ತು ಸಾವಿರ ಆಯ್ತದೆ. ಹಸು ಮಾರಿಬಿಡಾನ” ಎಂದ. ಯಜಮಾನರು ಮಾತ್ರ ಏನೂ ಮಾತಾಡಲಿಲ್ಲ. ಊಟ ಕಡಿಮೆ ಮಾಡಿದರು. ಹೊಲದ ಪಹಣಿ ತೆಗೆದು ಮಗನ ಕೈಗೆ ಕೊಟ್ಟರು.

ನೋಡಿ, ಹೊಡೆತ ಕೊಟ್ಟದ್ದು ಕಾಯಿಲೆ ಒಂದೇ ಅಲ್ಲ. ಯಾಕೆ ಕಾಯಬೇಕು ಎಂದು ಯಾರೂ ಬಿಡಿಸಿ ಹೇಳದೆ ಇದ್ದದ್ದೂ ಹೊಡೆತವೇ. ಚೀಟಿಯಲ್ಲಿ ತಾರೀಖು ಇತ್ತು, ಕಾರಣ ಇರಲಿಲ್ಲ. ಆಸ್ಪತ್ರೆಯಲ್ಲಿ ಜನ ಜಾಸ್ತಿ, ಡಾಕ್ಟರಿಗೆ ಹೊತ್ತು ಕಡಿಮೆ, ಅದು ನಮಗೂ ಗೊತ್ತು. ಆದರೂ ಎರಡು ಮಾತು ಹೇಳಬಹುದಾಗಿತ್ತು.

ನಾವು ಕೇಂದ್ರದಲ್ಲಿ ಎಲ್ಲರೂ ಕೂತು ಆ ಕಾಗದಗಳನ್ನು ಬಿಡಿಸಿದೆವು. ಎಲ್ಲ ಇಂಗ್ಲಿಷಿನಲ್ಲಿ. ಅಕ್ಕನಿಗೆ ಕನ್ನಡ ಓದಲು ಬಂದು ಇನ್ನೂ ಎಂಟು ತಿಂಗಳು. ಆದರೆ ಅಂಕಿ ಎಲ್ಲ ಭಾಷೆಗೂ ಒಂದೇ ಅಲ್ಲವೇ? 42 ಎಲ್ಲಿದೆ ಎಂದು ಅಕ್ಕನೇ ಹುಡುಕಿದರು. ಅದರ ಪಕ್ಕದಲ್ಲಿದ್ದ ಮೂರು ಇಂಗ್ಲಿಷ್ ಅಕ್ಷರಗಳ ಆಕಾರವನ್ನು, ಬಸ್ಸಿನ ಬೋರ್ಡು ಗುರುತು ಇಟ್ಟುಕೊಳ್ಳುವ ಹಾಗೆ, ಗುರುತು ಇಟ್ಟುಕೊಂಡರು. ಆಮೇಲೆ ಒಂದು ನೋಟ್‌ಬುಕ್ಕು ತೆಗೆದು ಮೊದಲ ಸಾಲು ಬರೆದರು. “ಜೂನ್ 12. ಇಂಜೆಕ್ಷನ್.” ಅದರ ಕೆಳಗೆ ಎರಡು ಪ್ರಶ್ನೆ ಬರೆದರು. ಒಂದು, ಈ ಇಂಜೆಕ್ಷನ್ ಯಾತಕ್ಕೆ? ಎರಡು, ನಾವು ಕಾಯುತ್ತಿರುವುದು ಔಷಧಿ ಕೆಲಸ ಮಾಡಲಿ ಎಂದೋ, ಇಲ್ಲ ನಮ್ಮ ಸರದಿ ಬರಲಿ ಎಂದೋ?

ಎರಡನೆಯ ಪ್ರಶ್ನೆ ಅಕ್ಕ ತಾವೇ ಯೋಚಿಸಿದ್ದು. ರೇಷನ್ ಅಂಗಡಿಯಲ್ಲಿ ಸಾಲು ನಿಂತು ಅಭ್ಯಾಸ ಇದ್ದವರಿಗೆ ಇಂಥ ಪ್ರಶ್ನೆ ಹೊಳೆಯುತ್ತದೆ.

ಮುಂದಿನ ವಾರ ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದರು. ವಿಕಿರಣ ವಿಭಾಗದ ಡಾಕ್ಟರಮ್ಮ ಆ ನೋಟ್‌ಬುಕ್ಕು ನೋಡಿ ಕುರ್ಚಿ ತೋರಿಸಿದರಂತೆ. ಅವರು ಹೇಳಿದ್ದನ್ನು ಅಕ್ಕ ನಮಗೆ ಬಂದು ಹೇಳಿದರು. ನಾನು ಸ್ವಲ್ಪ ಸೇರಿಸಿ ಬರೆಯುತ್ತೇನೆ.

ಗಂಡಸಿನ ಮೈಯಲ್ಲಿ ಒಂದು ಹಾರ್ಮೋನ್ ಇರುತ್ತದೆ. ಮೀಸೆ ಗಡ್ಡ ಬರುವುದು, ಗಂಟಲು ಒಡೆಯುವುದು ಅದರಿಂದಲೇ. ಈ ಕ್ಯಾನ್ಸರಿಗೆ ಅದೇ ಹಾರ್ಮೋನು ಗೊಬ್ಬರ. ಇದನ್ನು 1941ರಲ್ಲಿ ಅಮೆರಿಕದ ಚಾರ್ಲ್ಸ್ ಹಗ್ಗಿನ್ಸ್ ಎಂಬ ವೈದ್ಯರು ತೋರಿಸಿಕೊಟ್ಟರು. ಅವರಿಗೆ 1966ರಲ್ಲಿ ನೊಬೆಲ್ ಬಹುಮಾನ ಬಂತು. ಹೊಟ್ಟೆಗೆ ಕೊಟ್ಟ ಇಂಜೆಕ್ಷನ್ ಆ ಹಾರ್ಮೋನು ತಯಾರಾಗುವುದನ್ನು ನಿಲ್ಲಿಸುತ್ತದೆ. ಗೊಬ್ಬರ ಸಿಗದ ಗೆಡ್ಡೆ ಬಾಡುತ್ತದೆ, ಸಣ್ಣದಾಗುತ್ತದೆ. ಸಣ್ಣದಾದ ಮೇಲೆ ಕಿರಣ ಬಿಟ್ಟರೆ ಒಳ್ಳೆಯದು. ಅಕ್ಕಪಕ್ಕದ ಮೂತ್ರಚೀಲ, ಕರುಳಿಗೆ ಪೆಟ್ಟು ಕಡಿಮೆ. ಅದಕ್ಕೆ ಎರಡು ಮೂರು ತಿಂಗಳು ಬೇಕು.

“ಹಂಗಾದ್ರೆ ಮದ್ದು ಆಗ್ಲೇ ಸುರುವಾಗದೆ ಅನ್ನಿ” ಎಂದರು ಅಕ್ಕ.

ಹೌದು. ಜೂನ್ 12ರಂದೇ ಶುರುವಾಗಿತ್ತು. ಅದು ಗೊತ್ತಿಲ್ಲದೆ ಮನೆಯಲ್ಲಿ ಒಂದು ವಾರ ಒಲೆ ಸರಿಯಾಗಿ ಉರಿದಿರಲಿಲ್ಲ.

ಎರಡನೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಮೂರು ತಿಂಗಳಲ್ಲಿ ಬಹುಪಾಲು ಔಷಧಿಗಾಗಿ ಕಾಯುವುದು. ಕೊನೆಯ ಒಂದೆರಡು ವಾರ ಲೆಕ್ಕ ಹಾಕುವುದಕ್ಕೆ. ಕಿರಣ ಎಲ್ಲಿಂದ ಬಿಡಬೇಕು, ಎಷ್ಟು ಬಿಡಬೇಕು ಎಂದು ಡಾಕ್ಟರು, ಭೌತಶಾಸ್ತ್ರದವರು ಕೂತು ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಹಾಕುತ್ತಾರೆ. ದರ್ಜಿಯ ಅಂಗಡಿಯಲ್ಲಿ ಅಳತೆ ಕೊಟ್ಟ ಹಾಗೆ. ಸಾಲಿಗಾಗಿ ಕಾಯುವುದೂ ಸ್ವಲ್ಪ ಇರುತ್ತದೆ. ಯಂತ್ರ ಕೆಲವೇ, ರೋಗಿಗಳು ಬಹಳ. ಇದು ಸರಿಯಲ್ಲ. ಇಂಥ ಯಂತ್ರ ಜಿಲ್ಲೆ ಜಿಲ್ಲೆಯಲ್ಲಿ ಇರಬೇಕು ಎಂದು ನಾವು ಕೇಳಲೇಬೇಕು. ಆದರೆ ಇಂಜೆಕ್ಷನ್ ತಪ್ಪದೆ ನಡೆಯುತ್ತಿದ್ದರೆ ಒಂದೆರಡು ವಾರ ಆಚೆ ಈಚೆ ಆದರೂ ಈ ಕ್ಯಾನ್ಸರಿನಲ್ಲಿ ಗಾಬರಿ ಬೇಕಿಲ್ಲ ಎಂದರು ಡಾಕ್ಟರಮ್ಮ. ಎಲ್ಲ ಕ್ಯಾನ್ಸರಿಗೂ ಈ ಮಾತು ಹೊಂದುವುದಿಲ್ಲ. ಬೇರೆ ಕ್ಯಾನ್ಸರ್ ಇದ್ದವರು ಇದನ್ನು ಓದಿ ಸುಮ್ಮನೆ ಕೂರಬಾರದು.

ಇನ್ನು ಆ ಇಂಜೆಕ್ಷನ್ನಿನ ಇನ್ನೊಂದು ಮುಖ.

ಜುಲೈ ತಿಂಗಳಲ್ಲಿ ಒಂದು ರಾತ್ರಿ ಯಜಮಾನರು ದಡಕ್ಕನೆ ಎದ್ದು ಕೂತರು. ಹೊರಗೆ ಜಿಟಿಜಿಟಿ ಮಳೆ, ಚಳಿ. ಇವರಿಗೆ ಮೈಯೆಲ್ಲ ಬೆವರು. ಎದೆಯಿಂದ ಮುಖಕ್ಕೆ ಬೆಂಕಿ ಹತ್ತಿದ ಹಾಗೆ. ಕಂಬಳಿ ಎಸೆದು ಜಗಲಿಗೆ ಹೋಗಿ ಕೂತರು. “ಜ್ವರ ಬಂತು, ಇನ್ನು ಮುಗೀತು” ಎಂದರು. ಅಕ್ಕ ಹಣೆ ಮುಟ್ಟಿ ನೋಡಿದರು. ಜ್ವರ ಇಲ್ಲ. ಎರಡು ನಿಮಿಷಕ್ಕೆ ತಣ್ಣಗಾಯಿತು.

ಅಕ್ಕನಿಗೆ ತಕ್ಷಣ ಗೊತ್ತಾಯಿತು. ಓದುವ ನಿಮಗೂ ಗೊತ್ತಾಗಿರಬೇಕು! ಮುಟ್ಟು ನಿಲ್ಲುವ ಕಾಲದಲ್ಲಿ ನಮಗೆ ಬರುವ ಬಿಸಿ ಇದೇ ಅಲ್ಲವೇ? ನಮಗೆ ಹೆಣ್ಣಿನ ಹಾರ್ಮೋನು ಕಡಿಮೆಯಾದಾಗ ಬರುತ್ತದೆ. ಅವರಿಗೆ ಗಂಡಸಿನ ಹಾರ್ಮೋನು ಕಡಿಮೆಯಾದ್ದರಿಂದ ಬಂತು.

“ನನಗೂ ಐದು ವರ್ಷ ಹಿಂಗೇ ಆಗಿತ್ತು. ಅವಾಗ ನೀವು ಏನಂದಿರಿ? ಹೆಂಗಸ್ರಿಗೆ ಮಾಡಕ್ಕೆ ಕೆಲಸ ಇಲ್ಲ ಅಂದಿರಿ” ಎಂದು ಅಕ್ಕ ನಕ್ಕುಬಿಟ್ಟರಂತೆ. ಯಜಮಾನರೂ ನಕ್ಕರಂತೆ. ಮೇ ತಿಂಗಳಿನಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಆಮೇಲೆ ಅಕ್ಕ ತಮಗೆ ಗೊತ್ತಿದ್ದ ಉಪಾಯ ಎಲ್ಲ ಹೇಳಿಕೊಟ್ಟರು. ತೆಳು ಹತ್ತಿ ಬಟ್ಟೆ, ತಲೆದಿಂಬಿನ ಹತ್ತಿರ ಒದ್ದೆ ಟವಲು, ರಾತ್ರಿ ಕಾಫಿ ಬೇಡ, ಖಾರ ಕಡಿಮೆ. ಈ ಒಂದು ವಿಷಯದಲ್ಲಿ ನಾವು ಗಂಡಸರಿಗೆ ಟೀಚರು!

ಇಂಜೆಕ್ಷನ್ನಿನಿಂದ ಇನ್ನೂ ಕೆಲವು ಆಗುತ್ತವೆ. ಸುಸ್ತು ಆಗುತ್ತದೆ. ಮೈ ದಪ್ಪ ಆಗಬಹುದು. ಮೂಳೆ ಸವೆಯಬಹುದು. ಅದಕ್ಕೆ ದಿನವೂ ನಡೆಯಬೇಕು. ರಾಗಿ, ಹಾಲು, ಮಜ್ಜಿಗೆ, ಸೊಪ್ಪು, ಕಾಳು ಊಟದಲ್ಲಿ ಇರಬೇಕು. ಇವು ನಮ್ಮ ಮನೆಯಲ್ಲೇ ಇರುವ ವಸ್ತುಗಳು. ಬೀಡಿ ಬಿಡಬೇಕು. ಯಜಮಾನರು ಬೀಡಿ ಬಿಡಲು ಜಗಳ ಮಾಡಿದರು. ಪೂರ್ತಿ ಬಿಟ್ಟಿದ್ದು ಆಗಸ್ಟಿನಲ್ಲಿ.

ಹಾಸಿಗೆಯ ಮಾತನ್ನೂ ಹೇಳಬೇಕು. ಪುಸ್ತಕದಲ್ಲಿ ಬರೆಯದೆ ಬಿಟ್ಟರೆ ಬೇರೆ ಯಾರು ಹೇಳುತ್ತಾರೆ? ಈ ಇಂಜೆಕ್ಷನ್ ತೆಗೆದುಕೊಂಡ ಗಂಡಸಿಗೆ ಹೆಂಡತಿಯ ಹತ್ತಿರ ಹೋಗುವ ಆಸೆ ಇಲ್ಲವಾಗುತ್ತದೆ. ಶಕ್ತಿಯೂ ಇರುವುದಿಲ್ಲ. ಅವರು ಮುಖ ತಿರುಗಿಸಿ ಮಲಗಿದರೆ ನಮ್ಮ ಮೇಲೆ ಕೋಪ ಎಂದು ತಿಳಿಯಬಾರದು. ಅದು ಔಷಧಿಯ ಗುಣ. ಕೆಲವರಿಗೆ ಔಷಧಿ ನಿಲ್ಲಿಸಿದ ಮೇಲೆ ನಿಧಾನವಾಗಿ ಸರಿಹೋಗುತ್ತದೆ. ಇದನ್ನು ಡಾಕ್ಟರ ಹತ್ತಿರ ಕೇಳಬಹುದು. ನಾಚಿಕೆ ಬೇಡ. ಅವರು ದಿನವೂ ಕೇಳುವ ಮಾತು ಇದು.

ಬೇರಿನ ಔಷಧಿಯ ಕಥೆ ಏನಾಯಿತು ಎಂದು ಕೇಳುತ್ತೀರಿ. ಅಕ್ಕ ಹಸು ಮಾರಲಿಲ್ಲ. ಮೈದುನನಿಗೆ ನೋಟ್‌ಬುಕ್ಕು ತೋರಿಸಿ, “ಆ ಪುಡೀಲಿ ಏನೇನು ಹಾಕವ್ರೆ, ಬರಕೊಡಕ್ಕೆ ಹೇಳಪ್ಪ. ಡಾಕ್ಟರಮ್ಮಂಗೆ ತೋರಿಸ್ತೀನಿ” ಎಂದರು. ಬರೆದುಕೊಡಲು ಆತ ಒಪ್ಪಲಿಲ್ಲ. ಅಲ್ಲಿಗೆ ಆ ಮಾತು ನಿಂತಿತು. ಹೆಸರಿಲ್ಲದ ಪುಡಿ ಮೂತ್ರಪಿಂಡಕ್ಕೋ ಈಲಿಗೋ ಪೆಟ್ಟು ಕೊಟ್ಟರೆ, ಕರೆಂಟೂ ನಿಲ್ಲುತ್ತದೆ, ಹಸುವೂ ಹೋಗಿರುತ್ತದೆ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಎಂಬ ಯೋಜನೆ 2018ರಲ್ಲಿ ಬಂತು. ಬಿ.ಪಿ.ಎಲ್. ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಬೇರೆ ಕಾರ್ಡಿನವರಿಗೆ ದರದ ನೂರಕ್ಕೆ 30 ಭಾಗವನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಇದಕ್ಕೆ ರೇಷನ್ ಕಾರ್ಡು, ಆಧಾರ್ ಕಾರ್ಡು ಬೇಕು. ಸರ್ಕಾರಿ ಆಸ್ಪತ್ರೆಯಿಂದ ಕಳಿಸಿದ ಚೀಟಿಯೂ ಬೇಕು. ಕಾಯುವ ದಿನಗಳಲ್ಲೇ ಈ ಕಾಗದಗಳನ್ನು ಸರಿಮಾಡಿಕೊಳ್ಳಿ. ಯಜಮಾನರ ಹೆಸರು ಆಧಾರಿನಲ್ಲಿ ಒಂದು ರೀತಿ, ರೇಷನ್ ಕಾರ್ಡಿನಲ್ಲಿ ಇನ್ನೊಂದು ರೀತಿ ಇತ್ತು. ಒಂದು ದೀರ್ಘ ವ್ಯತ್ಯಾಸ, ಅಷ್ಟೆ. ಕಂಡುಹಿಡಿದದ್ದು ಅಕ್ಕ. ಅದನ್ನು ತಿದ್ದಿಸಲು ಹದಿನೈದು ದಿನ ಹಿಡಿಯಿತು. ಕರೆಂಟಿನ ದಿನ ಕೌಂಟರಿನ ಮುಂದೆ ಗೊತ್ತಾಗಿದ್ದರೆ?

ಹೆಂಗಸರಿಗೆ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಅಕ್ಕನ ಖರ್ಚು ಉಳಿಯಿತು. ರೈಲಿನಲ್ಲಿ ಹೋಗುವವರಾದರೆ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ವಿನಾಯಿತಿ ಇದೆ. ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ಭಾಗ ವಿನಾಯಿತಿ. ಆಸ್ಪತ್ರೆಯಿಂದ ಅದರ ಫಾರಂ ಬರೆಸಿಕೊಳ್ಳಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಕ್ಯಾನ್ಸರಿಗೆಂದೇ ಇದೆ. ಅದರ ಶಾಖೆ ಕಲಬುರಗಿಯಲ್ಲಿ ಇದೆ. ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆ ಇದೆ. ಯಾವ ಆಸ್ಪತ್ರೆಯೇ ಆಗಲಿ, ಉಳಿದುಕೊಳ್ಳಲು ಧರ್ಮಶಾಲೆ ಇದೆಯೇ ಎಂದು ಮೊದಲೇ ವಿಚಾರಿಸಿ. ವಾರಗಟ್ಟಲೆ ದಿನವೂ ಹೋಗಬೇಕಾಗುತ್ತದೆ. ದೂರದ ಊರಿನವರಿಗೆ ಓಡಾಟ ಆಗುವುದಿಲ್ಲ.

ಕಾಯಿರಿ ಎಂದರೆ ಏನಾದರೂ ಸಹಿಸಿಕೊಂಡು ಕಾಯಿರಿ ಎಂದಲ್ಲ. ಮೂತ್ರ ಪೂರ್ತಿ ಕಟ್ಟಿಕೊಂಡರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು. ಬೆನ್ನು ನೋವು ಜೋರಾಗಿ, ಕಾಲು ಜೋಮು ಹಿಡಿದು ನಡೆಯಲು ಬಲ ಇಲ್ಲದಂತೆ ಆದರೆ ಬೆಳಗಾಗಲಿ ಎಂದು ಕಾಯಬಾರದು. ಕ್ಯಾನ್ಸರ್ ಬೆನ್ನುಹುರಿಯನ್ನು ಅಮುಕಿರಬಹುದು. ತಡವಾದರೆ ಕಾಲು ಮತ್ತೆ ಬರುವುದು ಕಷ್ಟ. ಬಯಾಪ್ಸಿ ಆದ ದಿನಗಳಲ್ಲಿ ಚಳಿ ಜ್ವರ ಬಂದರೂ ಹಾಗೆಯೇ, ಓಡಬೇಕು. ಈ ಮೂರನ್ನೂ ಅಕ್ಕ ಕೆಂಪು ಪೆನ್ನಿನಿಂದ ಬರೆದು ಗೋಡೆಗೆ ಅಂಟಿಸಿದ್ದರು. ಓದಲು ಬಾರದ ಅತ್ತೆಗೂ ಬಾಯಿಪಾಠ ಮಾಡಿಸಿದ್ದರು.

ಸೆಪ್ಟೆಂಬರ್ ಬಂತು. ಮತ್ತೆ ರಕ್ತ ಪರೀಕ್ಷೆ ಆಯಿತು. ಅಕ್ಕ ಕಾಗದದಲ್ಲಿ ತಮ್ಮ ಮೂರು ಅಕ್ಷರ ಹುಡುಕಿದರು. ಪಕ್ಕದಲ್ಲಿ 2 ಎಂದಿತ್ತು. 42 ಇದ್ದದ್ದು 2 ಆಗಿತ್ತು!

ಈಗ ಹೊಸ ತೊಂದರೆ ಶುರುವಾಯಿತು. ರಾತ್ರಿ ಏಳುವುದು ಕಡಿಮೆಯಾಗಿತ್ತು. ರಕ್ತ ನಿಂತಿತ್ತು. ಯಜಮಾನರು ಮೀಸೆ ತಿರುವಿ, “ವಾಸಿ ಆಗದೆ. ಇನ್ಯಾಕೆ ಕರೆಂಟು? ರಾಗಿ ಹೊಲ ನೋಡೋರು ಯಾರು? ನಾ ಬರಲ್ಲ” ಎಂದುಬಿಟ್ಟರು. ಜೂನಿನಲ್ಲಿ ಕಾಯುವುದಕ್ಕೆ ಹೆದರಿದವರು ಸೆಪ್ಟೆಂಬರಿನಲ್ಲಿ ಹೋಗುವುದಕ್ಕೇ ಬೇಡ ಎಂದರು. ಇಂಥದು ಬಹಳ ಮನೆಗಳಲ್ಲಿ ಆಗುತ್ತದೆ.

ಗರಿಕೆ ಹುಲ್ಲು ನೋಡಿದ್ದೀರಿ. ಬೇಸಿಗೆಯಲ್ಲಿ ಒಣಗಿ ಹೋಗಿರುತ್ತದೆ. ಹೊಲ ಚೊಕ್ಕಟವಾಗಿ ಕಾಣುತ್ತದೆ. ಮೊದಲ ಮಳೆ ಬೀಳಲಿ, ಎಲ್ಲ ಕಡೆ ಹಸಿರು. ಬೇರು ಮಣ್ಣಿನಲ್ಲೇ ಇತ್ತಲ್ಲ! ಇಂಜೆಕ್ಷನ್ ಗರಿಕೆಯನ್ನು ಒಣಗಿಸುತ್ತದೆ. ಬೇರು ಸುಡುವುದು ಕಿರಣ.

ಇದು ಬಾಯಿಮಾತಲ್ಲ, ಲೆಕ್ಕ ಇದೆ. ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಎಂಬ ಮೂರು ದೇಶಗಳ ವೈದ್ಯರು 875 ಗಂಡಸರ ಮೇಲೆ ಇದನ್ನು ಪರೀಕ್ಷಿಸಿದರು. ಎಲ್ಲರಿಗೂ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತು, ಮೂಳೆಗೆ ಹರಡಿರಲಿಲ್ಲ. ಸುಮಾರು ಅರ್ಧ ಜನರಿಗೆ ಹಾರ್ಮೋನ್ ತಡೆಯುವ ಔಷಧಿ ಮಾತ್ರ ಕೊಟ್ಟರು. ಉಳಿದವರಿಗೆ ಔಷಧಿಯ ಜೊತೆ ಕಿರಣವನ್ನೂ ಕೊಟ್ಟರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು.

ನಾವು ಕೇಂದ್ರದಲ್ಲಿ ಹುಣಸೆ ಬೀಜ ತಂದು ನೂರು ನೂರರ ಎರಡು ಗುಡ್ಡೆ ಮಾಡಿದೆವು. ಹತ್ತು ವರ್ಷದಲ್ಲಿ ಔಷಧಿ ಮಾತ್ರ ಪಡೆದ ನೂರು ಜನರಲ್ಲಿ ಈ ಕ್ಯಾನ್ಸರಿನಿಂದ ತೀರಿಕೊಂಡವರು ಸುಮಾರು 24. ಮೊದಲ ಗುಡ್ಡೆಯಿಂದ 24 ಬೀಜ ತೆಗೆದು ಪಕ್ಕಕ್ಕಿಟ್ಟೆವು. ಎರಡೂ ಪಡೆದ ನೂರರಲ್ಲಿ ಸುಮಾರು 12. ಎರಡನೆಯ ಗುಡ್ಡೆಯಿಂದ 12 ತೆಗೆದೆವು. ಯಾರೂ ಮಾತಾಡಲಿಲ್ಲ. ಅಕ್ಕ ಆ ಹನ್ನೆರಡು ಬೀಜಗಳ ವ್ಯತ್ಯಾಸವನ್ನು ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಹೋದರು. ಮನೆಯಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಸೆಪ್ಟೆಂಬರ್ 3ರ ಬೆಳಗಿನ ಬಸ್ಸಿಗೆ ಇಬ್ಬರೂ ನಿಂತಿದ್ದರು.

ಆ ದಿನ ಅಳತೆ ತೆಗೆಯುವ ದಿನ. ಅರ್ಧ ಲೀಟರ್ ನೀರು ಕುಡಿಸಿ ಮುಕ್ಕಾಲು ಗಂಟೆ ಕೂರಿಸಿದರು. ಒಂದಕ್ಕೆ ಹೋಗಬೇಡಿ ಎಂದರು. ಮೂತ್ರಚೀಲ ತುಂಬಿದ್ದರೆ ಅದರ ಬಹುಭಾಗ ಕಿರಣದ ದಾರಿಯಿಂದ ಮೇಲೆ ಸರಿಯುತ್ತದೆ. ಎರಡಕ್ಕೆ ಮಾತ್ರ ಹೋಗಿ ಬಂದಿರಬೇಕು. ಆಮೇಲೆ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಸೊಂಟದ ಹತ್ತಿರ ಸಾಸಿವೆ ಕಾಳಿಗಿಂತ ಸಣ್ಣ ಮೂರು ಚುಕ್ಕಿ ಹಚ್ಚೆ ಹಾಕಿದರು. ದಿನವೂ ಅದೇ ಜಾಗಕ್ಕೆ ಕಿರಣ ಬೀಳಲು ಅದು ಗುರುತು. ಕೆಲವು ಕಡೆ ಹಚ್ಚೆ ಹಾಕದೆ ಶಾಯಿಯಲ್ಲಿ ಗೆರೆ ಎಳೆಯುತ್ತಾರೆ. ಶಾಯಿಯಾದರೆ ಸ್ನಾನದಲ್ಲಿ ತಿಕ್ಕಬಾರದು. ಅಳಿಸಿಹೋದರೆ ಮನೆಯಲ್ಲಿ ಪೆನ್ನಿನಿಂದ ತಿದ್ದಬಾರದು, ಆಸ್ಪತ್ರೆಯವರಿಗೆ ಹೇಳಬೇಕು.

ಕರೆಂಟು ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ. ನಿಜವಾದ ಹೆಸರು ವಿಕಿರಣ ಚಿಕಿತ್ಸೆ. ಮೈಗೆ ಕರೆಂಟು ಹೊಡೆಯುವುದಿಲ್ಲ. ಎಕ್ಸ್‌ರೇ ತೆಗೆಯುವಾಗ ಬೀಳುವ ಕಿರಣವೇ, ಆದರೆ ಬಹಳ ಶಕ್ತಿಯದು. ನೋವು ಇಲ್ಲ. ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ತಲೆಕೂದಲು ಉದುರುವುದಿಲ್ಲ. ಕೆಲವು ದಿನ ಆದ ಮೇಲೆ ಮೂತ್ರ ಉರಿ, ಭೇದಿ, ಸುಸ್ತು ಬರಬಹುದು. ಅದಕ್ಕೆ ಮಾತ್ರೆ ಇದೆ. ಯಂತ್ರದಿಂದ ಎದ್ದು ಬಂದವರ ಮೈಯಲ್ಲಿ ಕಿರಣ ಉಳಿದಿರುವುದಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳಬಹುದು. ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಅಕ್ಕ ಇದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಸೆಪ್ಟೆಂಬರ್ 15, ಸೋಮವಾರ ಶುರು ಎಂದಿದ್ದರು. ಹೋದರೆ ಯಂತ್ರ ಕೆಟ್ಟಿತ್ತು. ಇಪ್ಪತ್ತೆರಡಕ್ಕೆ ಬನ್ನಿ ಎಂದರು. ಯಜಮಾನರು ರೇಗಿದರು. ಅಕ್ಕ ಬೆಂಚಿನ ಮೇಲೆ ಕೂತು ನೋಟ್‌ಬುಕ್ಕು ತೆಗೆದು, “ಇದು ಸಾಲಿಗೆ ಕಾಯೋದು. ಇಂಜೆಕ್ಷನ್ ಮೊನ್ನೆ ತಾನೇ ಆಗದೆ, ಏನಾಗಲ್ಲ” ಎಂದರು. ಇಪ್ಪತ್ತೆರಡರ ಬೆಳಿಗ್ಗೆ ಹತ್ತು ಗಂಟೆಗೆ ಯಜಮಾನರ ಹೆಸರು ಕೂಗಿದರು. ಹದಿನೈದು ನಿಮಿಷಕ್ಕೆ ಹೊರಗೆ ಬಂದರು. “ಏನೂ ಗೊತ್ತೇ ಆಗಲಿಲ್ಲ ಕಣೆ. ಒಂದಕ್ಕೆ ಎಲ್ಲಿ ಹೋಗೋದು, ಮೊದಲು ಅದು ಹೇಳು” ಎಂದರು.

ಅಕ್ಕನ ನೋಟ್‌ಬುಕ್ಕಿನ ಒಂದು ಪುಟ ಇಲ್ಲಿದೆ. ಗಟ್ಟಿಯಾಗಿ ಓದಿ.

ಜೂನ್ 12. ಇಂಜೆಕ್ಷನ್. ಮೂರು ತಿಂಗಳಿಗೆ ಒಂದು.
ಜುಲೈ. ರಾತ್ರಿ ಬಿಸಿ. ಹೆದರಬಾರದು.
ಆಗಸ್ಟ್. ಬೀಡಿ ಬಿಟ್ಟರು. ರೇಷನ್ ಕಾರ್ಡು ಹೆಸರು ಸರಿ ಆಯಿತು.
ಸೆಪ್ಟೆಂಬರ್ 3. ಅಳತೆ. ಮೂರು ಚುಕ್ಕಿ.
ಸೆಪ್ಟೆಂಬರ್ 12. ಎರಡನೇ ಇಂಜೆಕ್ಷನ್.
ಸೆಪ್ಟೆಂಬರ್ 22. ಕರೆಂಟು ಒಂದನೇ ದಿನ. ಒಟ್ಟು 20.

ಲೆಕ್ಕ ಮಾಡಿ.

ವಾರಕ್ಕೆ 5 ದಿನ ಕರೆಂಟು. ಶನಿವಾರ, ಭಾನುವಾರ ಇಲ್ಲ. ನಡುವೆ ಬೇರೆ ರಜೆ ಬರದಿದ್ದರೆ 20 ದಿನಕ್ಕೆ ಎಷ್ಟು ವಾರ ಬೇಕು?

ಮೂರನೆಯ ಇಂಜೆಕ್ಷನ್ ಯಾವ ತಿಂಗಳು, ಯಾವ ತಾರೀಖು?

ಯಜಮಾನರಿಗೆ ಇಂಜೆಕ್ಷನ್ ಒಟ್ಟು ಎರಡು ವರ್ಷ ಬೇಕು ಎಂದಿದ್ದಾರೆ. ಮೂರು ತಿಂಗಳಿಗೆ ಒಂದರಂತೆ ಒಟ್ಟು ಎಷ್ಟು ಆಗುತ್ತದೆ? ಎರಡು ಆಗಲೇ ಮುಗಿದಿದೆ. ಉಳಿದದ್ದು ಎಷ್ಟು?